ದುಃಖದ ಕಪ್ ಯಾರಿಗೆ?

ಟ್ರಾಫಿಕ್ಕು, ಮನೆ ಬಾಡಿಗೆ, ನೆಚ್ಚಿನ ತಂಡದ ಸೋಲು. ಈ ಮೂರರಲ್ಲಿ ನಮ್ಮಷ್ಟು ಅನುಭವಿಸಿದವರು ಭೂಮಿಯ ಮೇಲೆ ಯಾರೂ ಇಲ್ಲ ಎಂಬುದು ಬೆಂಗಳೂರಿನವರ ಗಟ್ಟಿ ನಂಬಿಕೆ. ಮೊದಲೆರಡರ ಬಗ್ಗೆ ನನ್ನ ತಕರಾರೇನಿಲ್ಲ. ಮೂರನೆಯದರ ಬಗ್ಗೆ ಮಾತ್ರ ಸ್ವಲ್ಪ ಜಗಳ ಕಾಯಬೇಕಾಗಿದೆ. ಕ್ರೀಡಾಭಿಮಾನಿಯಾಗಿ ಹುಟ್ಟಬಾರದ ಊರು ಯಾವುದು ಅಂತ ಒಂದು ಪಂದ್ಯಾವಳಿ ಇಟ್ಟು, ಗೆದ್ದವರಿಗೆ ದುಃಖದ ಕಪ್ ಕೊಡುವುದಾದರೆ, ಅಲ್ಲೂ ನಾವು ಸೆಮಿಫೈನಲ್ಲಿಗೆ ಮೊದಲೇ ಔಟ್ ಅನ್ನುವುದು ನನ್ನ ವಾದ. ಬೇಜಾರು ಮಾಡಿಕೊಳ್ಳಬೇಡಿ, ಕಪ್ ತಪ್ಪುವುದು ನಮಗೆ ಹೊಸದೇನಲ್ಲವಲ್ಲ.

ನಮ್ಮ ಅರ್ಜಿ ಬಲವಾಗಿಯೇ ಇದೆ, ಒಪ್ಪುತ್ತೇನೆ. 2008ರ ಏಪ್ರಿಲ್ 18ರಂದು ಐಪಿಎಲ್ ಶುರುವಾದದ್ದೇ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಕೋಲ್ಕತ್ತಾ ತಂಡದ ಬ್ರೆಂಡನ್ ಮೆಕಲಮ್ ಒಬ್ಬನೇ 158 ಹೊಡೆದ. ನಮ್ಮ ಆರ್‌ಸಿಬಿಯ ಹನ್ನೊಂದು ಜನರದೂ ಸೇರಿ ಆದ ಮೊತ್ತ 82. ಅತಿಥಿ ಸತ್ಕಾರ ಅಂದರೆ ಹಾಗಿರಬೇಕು. ಆಮೇಲೆ 2009, 2011, 2016ರಲ್ಲಿ ಫೈನಲ್ ತನಕ ಹೋಗಿ, ಗೆದ್ದವರ ಕೈ ಕುಲುಕಿ ವಾಪಸ್ ಬಂದೆವು. 2013ರ ಏಪ್ರಿಲ್ 23ರಂದು ಕ್ರಿಸ್ ಗೇಲ್ ಔಟಾಗದೆ 175 ಚಚ್ಚಿದ, ತಂಡದ ಮೊತ್ತ 263ಕ್ಕೇರಿತು. ನಾಲ್ಕು ವರ್ಷ ಕಳೆದು ಅದೇ ಏಪ್ರಿಲ್ 23ರಂದು, ಈಡನ್ ಗಾರ್ಡನ್ಸ್‌ನಲ್ಲಿ, ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರೂ ಇದ್ದ ತಂಡ 49ಕ್ಕೆ ಗಂಟುಮೂಟೆ ಕಟ್ಟಿತು. ಒಬ್ಬನ ಸ್ಕೋರೂ ಎರಡಂಕಿ ಮುಟ್ಟಲಿಲ್ಲ. ಆಗಿನ ಲೆಕ್ಕಕ್ಕೆ ಐಪಿಎಲ್‌ನ ಅತಿ ದೊಡ್ಡ ಮೊತ್ತವೂ ನಮ್ಮದೇ, ಅತಿ ಸಣ್ಣ ಮೊತ್ತವೂ ನಮ್ಮದೇ, ತಾರೀಖೂ ಒಂದೇ. ಹರಕೆ ಹೊತ್ತರೂ ಹೀಗೆ ಕೂಡಿಬರುವುದಿಲ್ಲ.

ಆದರೆ ಸ್ವಾಮಿ, ಎದೆ ಮುಟ್ಟಿಕೊಂಡು ಹೇಳಿ, ಅಷ್ಟೂ ವರ್ಷ ನಾವು ನಿಜವಾಗಿ ಅತ್ತೆವಾ? ಮಾರ್ಚ್ ಬಂತೆಂದರೆ ‘ಈ ಸಲ ಕಪ್ ನಮ್ದೇ’ ಅಂತ ಎದೆಯುಬ್ಬಿಸುವುದು, ಮೇ ಬಂತೆಂದರೆ ಕ್ಯಾಲ್ಕುಲೇಟರ್ ಹಿಡಿಯುವುದು. ಮುಂಬೈ ಸೋತು, ಚೆನ್ನೈ ಎಡವಿ, ಹೈದರಾಬಾದಿನಲ್ಲಿ ಮಳೆ ಹುಯ್ದರೆ ನಾವಿನ್ನೂ ಬದುಕಿದ್ದೇವೆ ಅಂತ ಲೆಕ್ಕ ಹಾಕುವುದರಲ್ಲಿ ಏನು ಕಡಿಮೆ ಸುಖವಿತ್ತೇ? ಪಿಯುಸಿಯಲ್ಲಿ ಗಣಿತ ಬಿಟ್ಟು ಓಡಿದವರೂ ನೆಟ್ ರನ್ ರೇಟನ್ನು ದಶಮಾಂಶದ ಮೂರನೇ ಸ್ಥಾನದವರೆಗೆ ಹೇಳುತ್ತಿದ್ದರು. ದರ್ಶಿನಿಯಲ್ಲಿ ಕಾಫಿ ಲೋಟ ಹಿಡಿದು ನಿಂತ ಅಪರಿಚಿತನ ಜತೆ ಮಾತಿಗಿಳಿಯಲು ಇದಕ್ಕಿಂತ ಒಳ್ಳೆಯ ವಿಷಯ ಈ ಊರಿಗೆ ಸಿಕ್ಕಿರಲಿಲ್ಲ.

ಇನ್ನೊಂದು ಗುಟ್ಟು ಹೇಳುತ್ತೇನೆ, ಹೊರಗೆ ಬಿಡಬೇಡಿ. ಕಪ್ ಕಪ್ ಅಂತ ನಾವು ಬಾಯಿ ಬಡಿದುಕೊಳ್ಳುತ್ತಿದ್ದ ಕಾಲದಲ್ಲೇ ಕರ್ನಾಟಕ ತಂಡ 2013-14 ಮತ್ತು 2014-15ರಲ್ಲಿ ಸತತ ಎರಡು ಸೀಸನ್ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಟ್ರೋಫಿ ಎತ್ತಿತ್ತು. ಬೆಂಗಳೂರು ಎಫ್‌ಸಿ ತನ್ನ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತ್ತು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಗೆದ್ದಿತು. 2024ರಲ್ಲಿ ಸ್ಮೃತಿ ಮಂದಾನರ ಮಹಿಳಾ ಬಳಗ ಆರ್‌ಸಿಬಿ ಹೆಸರಿನಲ್ಲೇ ಕಪ್ ತಂದುಕೊಟ್ಟಿತು. ಮನೆ ತುಂಬ ಕಪ್ಪಿಟ್ಟುಕೊಂಡು ಬೀದಿಯಲ್ಲಿ ನಿಂತು ಕಪ್ಪಿಲ್ಲ ಅಂತ ಗೋಳಾಡಿದವರು ನಾವು. ರಣಜಿ ಪಂದ್ಯಕ್ಕೆ ಸಾಮಾನ್ಯವಾಗಿ ಪ್ರವೇಶ ಉಚಿತ. ಆದರೂ ಗ್ಯಾಲರಿಯಲ್ಲಿ ಕಾಣುವುದು ಬೆರಳೆಣಿಕೆಯ ಪಿಂಚಣಿದಾರರು, ಅವರ ಟಿಫನ್ ಡಬ್ಬಿ, ಮತ್ತು ಜಿ.ಆರ್. ವಿಶ್ವನಾಥ್ ಆಡುತ್ತಿದ್ದ ಕಾಲದ ನೆನಪು. ಸಾವಿರಾರು ರೂಪಾಯಿ ತೆತ್ತು ಸೋಲು ನೋಡಲು ಹೋಗುವ ಊರು, ಪುಕ್ಕಟೆ ಸಿಗುವ ಗೆಲುವನ್ನು ತಿರುಗಿಯೂ ನೋಡದಿದ್ದರೆ ಅದರ ದುಃಖವನ್ನು ಯಾವ ತೀರ್ಪುಗಾರ ನಂಬುತ್ತಾನೆ?

ಸರಿ, ಬೇರೆ ಸ್ಪರ್ಧಿಗಳನ್ನು ನೋಡೋಣ. ಮಗನ ಮನೆಗೆಂದು ಅಮೆರಿಕಕ್ಕೆ ಹೋದ ಅಪ್ಪ ಅಮ್ಮಂದಿರು ನೀಲಿ ಪ್ಲಾಸ್ಟಿಕ್ ಕೋಟು ತೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರಲ್ಲ, ಆ ನಯಾಗರಾ ಜಲಪಾತದ ಮಗ್ಗುಲಿನ ಊರು ಬಫಲೊ. ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಅವರ ಫುಟ್‌ಬಾಲಿನಲ್ಲಿ ಅಲ್ಲಿನ ಬಿಲ್ಸ್ ತಂಡ 1991ರಿಂದ 1994ರವರೆಗೆ ಸತತ ನಾಲ್ಕು ಸಲ ಸೂಪರ್ ಬೌಲ್ ಎಂಬ ಫೈನಲ್ ತಲುಪಿತು. ನಾಲ್ಕನ್ನೂ ಸೋತಿತು. ಮೊದಲನೆಯದಂತೂ 20-19. ಎಂಟು ಸೆಕೆಂಡು ಬಾಕಿಯಿದ್ದಾಗ ಸ್ಕಾಟ್ ನಾರ್‌ವುಡ್ 47 ಗಜ ದೂರದಿಂದ ಒದ್ದ ಚೆಂಡು ಕಂಬದ ಬಲಕ್ಕೆ ಸರಿದುಹೋಯಿತು. ತಂಡ ಊರಿಗೆ ಮರಳಿದಾಗ ಸಾವಿರಾರು ಜನ ಚೌಕದಲ್ಲಿ ಸೇರಿದರು. ಚಪ್ಪಲಿ ತೂರಲು ಅಂದುಕೊಂಡಿರಾ? ಅಲ್ಲ, ‘ನಮಗೆ ಸ್ಕಾಟ್ ಬೇಕು’ ಅಂತ ಕೂಗಿ ಆ ನಾರ್‌ವುಡ್‌ನನ್ನೇ ಮೈಕಿನ ಮುಂದೆ ಕರೆಸಿಕೊಂಡರು. ನಾವಾಗಿದ್ದರೆ ಕ್ಯಾಚು ಬಿಟ್ಟವನ ತಂಗಿಯ ಇನ್‌ಸ್ಟಾಗ್ರಾಂ ಹುಡುಕಿ ಬೈದು ಬಂದು ಊಟ ಮಾಡುತ್ತಿದ್ದೆವು. ಇಂದಿಗೂ ಆ ಊರು ಸೂಪರ್ ಬೌಲ್‌ಗಾಗಿ ಕಾಯುವುದನ್ನು ಬಿಟ್ಟಿಲ್ಲ. 2024ರ ಜನವರಿಯಲ್ಲಿ ಕ್ರೀಡಾಂಗಣ ಹಿಮದಲ್ಲಿ ಹೂತುಹೋದಾಗ ಗಂಟೆಗೆ 20 ಡಾಲರ್ ಕೂಲಿಗೆ ಸಲಿಕೆ ಹಿಡಿದು ಬಂದವರೂ ಊರ ಜನರೇ. ಇಷ್ಟು ಪ್ರೀತಿಯಿರುವ ಊರಿಗೆ ದುಃಖದ ಕಪ್ ಕೊಡಲಾಗುವುದಿಲ್ಲ. ಅರ್ಜಿ ತಿರಸ್ಕೃತ.

ಮುಂದಿನ ಅರ್ಜಿ ಕ್ಲೀವ್‌ಲ್ಯಾಂಡಿನದು. ಅದೇ ಫುಟ್‌ಬಾಲಿನ ಅಲ್ಲಿನ ಬ್ರೌನ್ಸ್ ತಂಡ 2017ರ ಸೀಸನ್ನಿನಲ್ಲಿ ಹದಿನಾರು ಪಂದ್ಯ ಆಡಿ ಹದಿನಾರನ್ನೂ ಸೋತಿತು. ಅಭಿಮಾನಿಗಳು ಮಾಡಿದ್ದೇನು ಗೊತ್ತೇ? 2018ರ ಜನವರಿಯ ಕೊರೆಯುವ ಚಳಿಯಲ್ಲಿ ‘ಪರಿಪೂರ್ಣ ಸೀಸನ್’ ಅಂತ ಹೆಸರಿಟ್ಟು ಮೆರವಣಿಗೆ ತೆಗೆದರು. ಕ್ರೀಡಾಂಗಣದ ಸುತ್ತ ಪ್ರದಕ್ಷಿಣೆ ಹಾಕಿದರು, ನಡೆದ ದಾರಿಯೇ ಸೊನ್ನೆಯಾಗಲಿ ಅಂತ. ಜತೆಗೆ ಬಡವರ ಊಟಕ್ಕೆ ಚಂದಾ ಎತ್ತಿದರು. ಇಷ್ಟು ನಗೆ ಉಳಿಸಿಕೊಂಡವರೂ ಕಪ್ಪಿಗೆ ಅರ್ಹರಲ್ಲ.

ಆದರೆ ಇದೇ ಕ್ಲೀವ್‌ಲ್ಯಾಂಡ್ ಒಮ್ಮೆ ಇದಕ್ಕಿಂತ ದೊಡ್ಡ ಪೆಟ್ಟು ತಿಂದಿತ್ತು. 1995ರ ನವೆಂಬರಿನಲ್ಲಿ ಆಗಿನ ಬ್ರೌನ್ಸ್ ತಂಡದ ಮಾಲೀಕ ಆರ್ಟ್ ಮೊಡೆಲ್, ತಂಡವನ್ನು ಬಾಲ್ಟಿಮೋರಿಗೆ ಒಯ್ಯುತ್ತೇನೆ ಅಂದ. ಆ ಬಾಲ್ಟಿಮೋರಿನದೂ ಸುಟ್ಟ ಗಾಯವೇ. 1984ರ ಮಾರ್ಚಿನ ಒಂದು ರಾತ್ರಿ ಅವರ ಕೋಲ್ಟ್ಸ್ ತಂಡದ ಸಾಮಾನನ್ನೆಲ್ಲ ಲಾರಿಗಳಿಗೆ ತುಂಬಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿಬಿಟ್ಟಿದ್ದರು. ಊರು ಬೆಳಿಗ್ಗೆ ಎದ್ದಾಗ ತಂಡವೇ ಇಲ್ಲ. ತಂಡದ ವಾದ್ಯವೃಂದದವರ ಯೂನಿಫಾರ್ಮು ಮಾತ್ರ ಡ್ರೈಕ್ಲೀನಿಂಗಿಗೆ ಹೋಗಿದ್ದರಿಂದ ಉಳಿಯಿತು. ಅವರು ಅದನ್ನೇ ತೊಟ್ಟು, ಇಲ್ಲದ ತಂಡಕ್ಕಾಗಿ, ಮುಂದಿನ ತಂಡ ಬರುವವರೆಗೆ ಹನ್ನೆರಡು ವರ್ಷ ವಾದ್ಯ ಬಾರಿಸಿದರು. ತಂಡ ಸೋಲುವುದು ಬೇರೆ, ತಂಡವೇ ಊರು ಬಿಡುವುದು ಬೇರೆ ಅಂತ ನನಗೆ ಅರಿವಾದದ್ದು ಈ ಕಥೆಯಿಂದ. ಅಲ್ಲಿ ಲೀಗಿನಲ್ಲಿ ಎಷ್ಟು ತಂಡ ಅನ್ನುವುದನ್ನು ಬಿಗಿಹಿಡಿದಿರುತ್ತಾರೆ. ತಂಡವಿಲ್ಲದ ಊರು ಯಾವುದಾದರೂ ಬಾಯಿ ಬಿಟ್ಟುಕೊಂಡು ಕಾಯುತ್ತಲೇ ಇರುತ್ತದೆ. ಮಾಲೀಕ ತೆರಿಗೆ ದುಡ್ಡಿನಲ್ಲಿ ಹೊಸ ಕ್ರೀಡಾಂಗಣ ಕಟ್ಟಿಸಿಕೊಡಿ ಅನ್ನುತ್ತಾನೆ. ಊರು ಮೀನಮೇಷ ಎಣಿಸಿದರೆ ಲಾರಿ ಕರೆಸುತ್ತಾನೆ.

ನಮ್ಮಲ್ಲಿ ಹಾಗಾಗುವುದಿಲ್ಲ ಅನ್ನಬೇಡಿ. ನೆರೆಯ ಪುಣೆಯನ್ನು ಕೇಳಿ. ಪುಣೆ ವಾರಿಯರ್ಸ್ 2011ರಲ್ಲಿ ಬಂದು 2013ಕ್ಕೆ ಮುಗಿಯಿತು. ಆಮೇಲೆ ಎರಡೇ ವರ್ಷದ ವಾಯಿದೆಯ ಇನ್ನೊಂದು ತಂಡ ಬಂತು. 2017ರ ಫೈನಲ್ಲಿನಲ್ಲಿ ಮುಂಬೈ ಎದುರು ಒಂದೇ ಒಂದು ರನ್ನಿನಿಂದ ಸೋತಿತು, ಸೋತ ಕೂಡಲೇ ವಾಯಿದೆಯೂ ತೀರಿತು. ಮುಂದಿನ ಸಲ ನೋಡಿಕೊಳ್ಳೋಣ ಅನ್ನುವ ಸಮಾಧಾನವೂ ಇಲ್ಲ. ಕೊಚ್ಚಿಯವರಿಗೆ ಸಿಕ್ಕಿದ್ದು ಒಂದೇ ಸೀಸನ್. 2009ರ ಫೈನಲ್ಲಿನಲ್ಲಿ ನಮ್ಮನ್ನು ಆರು ರನ್ನಿನಿಂದ ಸೋಲಿಸಿದ ಡೆಕ್ಕನ್ ಚಾರ್ಜರ್ಸ್ 2012ರ ನಂತರ ಇಲ್ಲವೇ ಇಲ್ಲ, ಸೇಡು ತೀರಿಸಿಕೊಳ್ಳೋಣವೆಂದರೂ ವಿಳಾಸವಿಲ್ಲ.

ಆದರೂ ಕಪ್ ಪುಣೆಗಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಈಚೆ ದಡದಲ್ಲಿ ಓಕ್ಲೆಂಡ್ ಎಂಬ ಊರಿದೆ. ಬೇ ಏರಿಯಾದ ಸಾವಿರಾರು ಕನ್ನಡಿಗರಲ್ಲಿ ನನ್ನ ಷಡ್ಡಕರೂ ಒಬ್ಬರು. ಬೇಸ್‌ಬಾಲ್ ಅಂದರೆ ನಮ್ಮ ಲಗೋರಿಗೆ ದುಡ್ಡು ಬಂದದ್ದು ಅಂತ ಹೀಯಾಳಿಸುತ್ತ ಹೋದವರು ಕೊನೆಗೆ ಅಲ್ಲಿನ ಎ’ಸ್ ತಂಡದ ಹಸಿರು ಟೋಪಿ ಹಾಕಿಕೊಂಡರು. ಟೋಪಿ ಹಾಕಿದ್ದು ಯಾರು ಯಾರಿಗೆ ಅಂತ ಈಗ ಕೇಳಬಾರದು. ಓಕ್ಲೆಂಡಿನ ಸ್ಥಿತಿ ಮೂವರು ಗಂಡುಮಕ್ಕಳನ್ನು ಕಳಕೊಂಡ ಮನೆಯದು. ಬ್ಯಾಸ್ಕೆಟ್‌ಬಾಲಿನ ವಾರಿಯರ್ಸ್ 2019ರಲ್ಲಿ ಕೊಲ್ಲಿ ದಾಟಿ ಶ್ರೀಮಂತರ ಮನೆ ಸೇರಿದ. ಕೈಯಾಟದ ಆ ಫುಟ್‌ಬಾಲಿನ ರೇಡರ್ಸ್ 1982ರಲ್ಲೇ ಒಮ್ಮೆ ಲಾಸ್ ಏಂಜಲೀಸಿಗೆ ಓಡಿಹೋಗಿ, 1995ರಲ್ಲಿ ಮರಳಿ ಬಂದು, 2020ರಲ್ಲಿ ಮತ್ತೆ ಲಾಸ್ ವೇಗಸ್ಸಿಗೆ ಓಡಿದ. ಕೊನೆಯವನಾದ ಎ’ಸ್ ಇದ್ದಷ್ಟು ದಿನವೂ ಮನೆ ಸೋರುತ್ತದೆ ಅಂತ ರಗಳೆ ತೆಗೆದ. ಸೋರುತ್ತಿದ್ದುದು ನಿಜವೇ. ಆಟಗಾರರ ಕೋಣೆಗೆ ಚರಂಡಿ ನೀರು ನುಗ್ಗಿತ್ತು, ವೀಕ್ಷಕ ವಿವರಣೆಕಾರರ ಕೋಣೆಯಲ್ಲಿ ಪಾಸಮ್ ಎಂಬ ಕಾಡುಪ್ರಾಣಿ ಸಂಸಾರ ಹೂಡಿತ್ತು.

ಜನ ಬರುವುದಿಲ್ಲ, ಅದಕ್ಕೇ ಊರು ಬಿಡುತ್ತೇನೆ ಅನ್ನುವುದು ಮಾಲೀಕನ ರಾಗ. ಆಗ ಅಭಿಮಾನಿಗಳು 2023ರ ಜೂನ್ 13ರಂದು ತಲೆಕೆಳಗಾದ ಬಹಿಷ್ಕಾರ ಹೂಡಿದರು. ಗೈರಾಗುವ ಬದಲು 27,759 ಜನ ಹಾಜರಾಗಿ, ‘ಮಾರು’ ಅಂತ ಬರೆದ ಹಸಿರು ಅಂಗಿ ತೊಟ್ಟು ಮಾಲೀಕನ ಕಿವಿ ತೂತಾಗುವಂತೆ ಕೂಗಿದರು. ಅವನು ಮಾರಲಿಲ್ಲ. 2024ರ ಸೆಪ್ಟೆಂಬರ್ 26ರಂದು 46 ಸಾವಿರಕ್ಕೂ ಹೆಚ್ಚು ಜನರ ಮುಂದೆ ಎ’ಸ್ ಅಲ್ಲಿ ಕೊನೆಯ ಪಂದ್ಯ ಆಡಿ, 3-2ರಿಂದ ಗೆದ್ದು, ಹೋಯಿತು. ಗೆದ್ದೂ ಹೋಯಿತು, ನೋಡಿ. ಷಡ್ಡಕರಿಗೆ ಈಗ ಬೈಯುವುದಕ್ಕೂ ತಂಡವಿಲ್ಲ. ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು ಹಿಡಿದುಕೊಳ್ಳಿ ಅಂದರೆ, ಬೆಂಗಳೂರಿನವನಿಗೆ ಚೆನ್ನೈ ಪರ ಸಿಳ್ಳೆ ಹೊಡಿ ಅಂದಷ್ಟು ಸಿಟ್ಟು. ದುಃಖದ ಕಪ್ ಓಕ್ಲೆಂಡಿಗೆ. ಸರ್ವಾನುಮತದ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ.

ಹಾಗಾದರೆ ತಂಡ ಊರಲ್ಲೇ ಇದ್ದರೆ ಅಭಿಮಾನಿ ಸುಖಿಯೇ? ಅಷ್ಟು ಬೇಗ ಏಳಬೇಡಿ. ಕಾಸು ಕೊಟ್ಟು ಬಂದ ಅಭಿಮಾನಿಯನ್ನು ನಡೆಸಿಕೊಳ್ಳುವ ರೀತಿಯನ್ನೂ ನೋಡಬೇಕು. 2025ರ ಡಿಸೆಂಬರಿನಲ್ಲಿ ಫುಟ್‌ಬಾಲ್ ತಾರೆ ಮೆಸ್ಸಿ ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಬಂದರು. ಸಾವಿರಾರು ರೂಪಾಯಿ ಕೊಟ್ಟು ಕೂತ ಜನಕ್ಕೆ ಕಂಡದ್ದು ಅವರನ್ನು ಸುತ್ತುವರಿದ ಗಣ್ಯರ ಬೆನ್ನು. ಸ್ವಲ್ಪ ಹೊತ್ತಿಗೆ ಮೆಸ್ಸಿ ಹೊರಟೇಹೋದರು, ಆಮೇಲೆ ಕುರ್ಚಿಗಳು ಹಾರಾಡಿದವು. ಕುರ್ಚಿ ಎಸೆದದ್ದು ತಪ್ಪು. ಆದರೆ ದುಡ್ಡು ಕೊಟ್ಟವನು ಕಟ್ಟಕಡೆಗೆ, ಪುಕ್ಕಟೆ ಬಂದವನು ಕಟ್ಟೆಯ ಮೇಲೆ ಅನ್ನುವ ರೂಢಿ ನಮ್ಮ ದೇಶದ ಎಲ್ಲ ಊರಿನದೂ.

ಕೊನೆಗೆ ನಮ್ಮೂರಿಗೇ ಬರೋಣ. ಇಲ್ಲಿ ನಗು ಸ್ವಲ್ಪ ಪಕ್ಕಕ್ಕಿರಲಿ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು ಆರೇ ರನ್ನಿನಿಂದ ಸೋಲಿಸಿ ಹದಿನೆಂಟನೇ ಸೀಸನ್ನಿನಲ್ಲಿ ಕಪ್ ನಮ್ಮದಾಯಿತು. ಮರುದಿನವೇ ಸಂಭ್ರಮ ಇಟ್ಟುಕೊಂಡರು. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದತ್ತ ಲಕ್ಷಗಟ್ಟಲೆ ಜನ ಬಂದರು. ಗೇಟಿನ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತರು, ಬಹುತೇಕ ಎಳೆಯ ವಯಸ್ಸಿನವರು. ಹದಿನೇಳು ಸೋಲಿನ ಸೀಸನ್ನುಗಳಲ್ಲಿ ಈ ಊರಿನ ಅಭಿಮಾನಿಗೆ ಆಗದಿದ್ದದ್ದು ಗೆದ್ದ ಮರುದಿನ ಆಯಿತು. ಇದನ್ನು ಯಾವ ಪೈಪೋಟಿಗೂ ಇಡಬಾರದು, ಯಾವ ಕಪ್ಪಿಗೂ ತೂಗಬಾರದು.

ಆದ್ದರಿಂದ ನನ್ನದು ಒಂದೇ ಮನವಿ, ತಂಡ ನಡೆಸುವವರಿಗೂ, ಊರು ಆಳುವವರಿಗೂ, ನಮಗೂ. ಮುಂದೆ ಕಪ್ ಬಂದಾಗ ಒಂದು ವಾರ ಬಿಟ್ಟು ಮೆರವಣಿಗೆ ಮಾಡಿ. ಗೇಟು, ಪಾಸು, ದಾರಿ, ನೀರು, ಆಂಬುಲೆನ್ಸು ಎಲ್ಲ ಗೊತ್ತುಮಾಡಿಕೊಂಡು ಮಾಡಿ. ಹದಿನೆಂಟು ವರ್ಷ ಕಾದವರಿಗೆ ಇನ್ನೊಂದು ವಾರ ಕಾಯುವುದು ದೊಡ್ಡದೇನಲ್ಲ.