ಬೀಗರಿಗೊಂದು ಸ್ಟಾರ್ಟರ್

ಒಲೆ ಹಚ್ಚದೆ ನಾನು ಮಾಡಬಲ್ಲ ಅಡುಗೆ ಈವರೆಗೆ ಬಾಳೆಹಣ್ಣು ಸುಲಿಯುವುದೊಂದೇ ಆಗಿತ್ತು. ಮಗ ಬೆಂಗಳೂರಿನಿಂದ ಥರ್ಮೋಕೋಲ್ ಡಬ್ಬಿಯಲ್ಲಿ ಬುರ್ರಾಟಾ ಚೀಸ್ ತಂದಮೇಲೆ ಧೈರ್ಯ ಬಂತು. ಬೀಗರಿಗೆ ನಮ್ಮೂರು ಗುತ್ತಲದಲ್ಲೇ ಇಟಲಿಯ ಸ್ಟಾರ್ಟರ್ ಎಂದು ಸಾರಿಬಿಟ್ಟೆ.

‘ಸ್ಟಾರ್ಟರ್ ಅಂದ್ರೇನ್ರಿ?’ ಎಂದಳು ಹೆಂಡತಿ.

‘ಊಟಕ್ಕ ಮೊದಲು ತಿನ್ನೋದು.’

‘ಊಟಕ್ಕಂತ ಬಂದವರು ಊಟಾನ ಮಾಡವಲ್ಲರ‍್ಯಾಕ?’

ಉತ್ತರ ಹೊಳೆಯದಾಗ ನಾನು ಇತಿಹಾಸ ತೆಗೆಯುತ್ತೇನೆ. 12–13ನೇ ಶತಮಾನದಲ್ಲಿ ಇಲ್ಲಿಂದ ಆಳಿದ ಗುತ್ತರೂ ತಾವು ಉಜ್ಜಯಿನಿಯ ವಿಕ್ರಮಾದಿತ್ಯನ ವಂಶದವರೆಂದು ಹೇಳಿಕೊಂಡವರೇ. ದೊಡ್ಡಸ್ತಿಕೆ ಈ ನೆಲದ ಗುಣ. ಇಟಲಿಯ ಆಂದ್ರಿಯಾದಲ್ಲಿ ಮೊಜರೆಲ್ಲಾ ಚೀಸನ್ನು ಬಿಸಿನೀರಲ್ಲಿ ಎಳೆದೆಳೆದು ಚೀಲ ಮಾಡಿ, ಉಳಿದ ಚೂರುಗಳನ್ನು ಕೆನೆಯಲ್ಲಿ ಕಲಸಿ ಒಳಗೆ ತುಂಬಿ, ಬಾಯಿ ಕಟ್ಟುತ್ತಾರೆ, ಅದೇ ಬುರ್ರಾಟಾ ಎಂದು ವಿವರಿಸಿದೆ.

‘ಅಂದ್ರ ಉಳಿದದ್ದನ್ನ ಬೀಗರಿಗೆ ಬಡಸ್ತೀರಿ!’

ಅವ್ವನ ಮುಂದೆ ಪಟ್ಟು ಬದಲಿಸಿದೆ. ಬೆಂಗಳೂರಿನಲ್ಲಿ ವಲ್ಲೊಂಬ್ರೋಸಾ ಪಂಥದ ಕ್ರೈಸ್ತ ಸನ್ಯಾಸಿಗಳು ತಮ್ಮ ಮಠದಲ್ಲೇ ಇಂಥ ಚೀಸ್ ಮಾಡುತ್ತಾರೆ ಎಂದೆ. ‘ಮಠ’ ಎಂಬುದಷ್ಟೇ ಆಕೆಗೆ ಕೇಳಿಸಿತು. ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟಳು.

ಬಡಿಸುವ ತಾಸು ಮೊದಲು ಫ್ರಿಜ್ಜಿನಿಂದ ತೆಗೆದು ಕೋಣೆಯ ಹದಕ್ಕೆ ತರಬೇಕೆಂದು ಮಗ ಹೇಳಿದ್ದ. ಯಾವ ದೇಶದ ಕೋಣೆ ಎಂದು ಹೇಳಿರಲಿಲ್ಲ. ಏಪ್ರಿಲ್ ತಿಂಗಳು, ಕರೆಂಟು ಹೋದ ಮಧ್ಯಾಹ್ನ, ಮೇಲೆ ತಗಡು: ನಮ್ಮ ಮನೆಯಲ್ಲಿ ಅದು ಹತ್ತೇ ನಿಮಿಷಕ್ಕೆ ಹದಕ್ಕೆ ಬಂದು, ಉಳಿದ ಐವತ್ತು ನಿಮಿಷ ಹದಗೆಡುತ್ತಾ ಕುಳಿತಿತ್ತು.

ಬೀಗರ ಎದುರು ಚಾಕು ಸೋಕಿಸಿದ್ದೇ ತಡ, ಬಿಳಿ ಚೀಲ ಒಡೆದು ಕೆನೆ ತಟ್ಟೆಯಂಚಿಗೆ ಓಡಿತು. ಆಲಿವ್ ಎಣ್ಣೆಯ ಬದಲು ಕುಸುಬಿ ಎಣ್ಣೆ ಹನಿಸಿದೆ. ಬೇಸಿಲ್‌ಗೆ ಹಿತ್ತಲ ಕಾಮಕಸ್ತೂರಿ ಇತ್ತು, ಎರಡೂ ಒಂದೇ ಜಾತಿಯ ಗಿಡ. ಪಕ್ಕಕ್ಕೆ ಟೊಮೆಟೊ, ಚೂರು ಉಪ್ಪು. ‘ಇಷ್ಟ ಸಾಕ್ರಿ, ಬ್ಯಾರೇನೂ ಹಚ್ಚಬಾರದು’ ಎನ್ನುವಷ್ಟರಲ್ಲಿ ಬೀಗರು ಕಟಕ್ ರೊಟ್ಟಿ ಮುರಿದು, ಬ್ಯಾಡಗಿ ಮೆಣಸಿನಕಾಯಿಯ ರಂಜಕ ದಪ್ಪಗೆ ಬಳಿದು, ಕೆನೆಯಲ್ಲಿ ಅದ್ದಿ ಬಾಯಿಗಿಟ್ಟಿದ್ದರು. ತಟ್ಟೆ ಸ್ವಚ್ಛವಾಯಿತು.

‘ಯವ್ವಾ, ಬೆಣ್ಣಿ ಭಾಳ ಛಲೋ ಐತಿ ನೋಡ್ರಿ. ಮನೀ ಎಮ್ಮೀದೇನ್ರಿ?’

ನಾವು ಕಡೆಯ ಎಮ್ಮೆ ಮಾರಿದ್ದು ಅಪ್ಪ ಇದ್ದಾಗ. ನಾನು ಆಂದ್ರಿಯಾದಿಂದ ಶುರುಮಾಡಲು ಗಂಟಲು ಸರಿಮಾಡಿಕೊಂಡೆ.

‘ಹೂನ್ರಿ,’ ಎಂದಳು ಅವ್ವ. ‘ಈಗೀಗ ಹಾಲು ಕಮ್ಮಿ ಕೊಡತೈತಿ. ಹಂಗಾಗಿ ಇಷ್ಟ ಆತ್ರಿ.’