ವಿಷದ ಮಣ್ಣಿಗೆ ಒಳ್ಳೆ ರೇಟು

1872ರಲ್ಲಿ ಲಾಸ್ ಏಂಜಲೀಸ್ ಒಂದು ಧೂಳು ಹಿಡಿದ ಸಣ್ಣ ಊರು. ಎರಡು ವರ್ಷ ಹಿಂದಿನ ಜನಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು 5,728 ತಲೆ. ಆ ಊರಿನ, ಆ ಸೀಮೆಯ ಜನ ಮತ ಹಾಕಿ ಸದರ್ನ್ ಪೆಸಿಫಿಕ್ ರೈಲು ಕಂಪನಿಗೆ ಸುಮಾರು 6 ಲಕ್ಷ ಡಾಲರಿನ ಕಾಣಿಕೆ ಒಪ್ಪಿಸಿದರು. ಸ್ಟೇಷನ್ನಿಗೆ ಜಾಗ ಬೇರೆ. ದಯವಿಟ್ಟು ನಮ್ಮೂರಿನ ಮೇಲೇ ಹಾದುಹೋಗಿ ಸ್ವಾಮಿ ಎಂಬುದಷ್ಟೇ ಬೇಡಿಕೆ.

2017ರಲ್ಲಿ ಅದೇ ಊರು ಆ ಕಂಪನಿಯ ವಾರಸುದಾರ ಯೂನಿಯನ್ ಪೆಸಿಫಿಕ್‌ಗೆ 5.93 ಕೋಟಿ ಡಾಲರ್ ಎಣಿಸಿತು. ನದಿ ದಡದ ಟೇಲರ್ ಎಂಬ ರೈಲು ಯಾರ್ಡಿನಲ್ಲಿ ಪಾಳು ಬಿದ್ದಿದ್ದ 42 ಎಕರೆಗೆ.

ರೈಲು ಬರಲಿಕ್ಕೂ ಜನರ ದುಡ್ಡು. ರೈಲು ಹೋಗಲಿಕ್ಕೂ ಜನರ ದುಡ್ಡು. ನಡುವಿನ 145 ವರ್ಷದ ಲಾಭ ಮಾತ್ರ ಕಂಪನಿಯದು.

ಹೋಗುವಾಗ ಕಂಪನಿ ಏನು ಬಿಟ್ಟುಹೋಯಿತು? ಸೀಸ, ಆರ್ಸೆನಿಕ್, ದಶಕಗಟ್ಟಲೆ ಎಣ್ಣೆ ಕುಡಿದ ಮಣ್ಣು. ಅದನ್ನು ಶುದ್ಧ ಮಾಡುವ ಕೆಲಸ ಕೊಂಡವರ ತಲೆಗೆ. ಗುಜರಿಯವನು ಕೂಡ ತುಕ್ಕಿನ ಲೆಕ್ಕಕ್ಕೆ ತೂಕದಲ್ಲಿ ಒಂದಿಷ್ಟು ಕಡಿಯುತ್ತಾನೆ. ಇಲ್ಲಿ ತುಕ್ಕನ್ನೂ ಕಬ್ಬಿಣದ ರೇಟಿಗೇ ಹಚ್ಚಿದರು. ಚಪ್ಪಾಳೆಯೂ ಬಿತ್ತು. ನದಿಯ ಕಿರೀಟದ ಮಣಿ ಸಿಕ್ಕಿತು ಎಂದು ಪಾಲಿಕೆ ಬೀಗಿತು.

ಇನ್ನು ಈ ನದಿಯ ವಿಚಾರ. ಹೆಸರು ಲಾಸ್ ಏಂಜಲೀಸ್ ನದಿ, ಉದ್ದ 51 ಮೈಲಿ. 1938ರ ಮಾರ್ಚ್‌ನಲ್ಲಿ ಉಕ್ಕಿ ಹರಿದು ನೂರರ ಆಸುಪಾಸು ಜನರನ್ನು ಕೊಂದಿತು. ಅದಕ್ಕೆ ಸಿಕ್ಕ ಶಿಕ್ಷೆ ಕಾಂಕ್ರೀಟು. ಸೇನೆಯ ಎಂಜಿನಿಯರುಗಳು ಎರಡು ದಶಕ ಕೂತು ನದಿಯನ್ನು ಚರಂಡಿ ಮಾಡಿದರು. ರಾಜಕಾಲುವೆ ನೋಡಿದ ಬೆಂಗಳೂರಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. ಹಾಲಿವುಡ್ಡಿಗೆ ಮಾತ್ರ ಬಹಳ ಅನುಕೂಲವಾಯಿತು. 'ಗ್ರೀಸ್' ಚಿತ್ರದ ಕಾರ್ ರೇಸ್ ನಡೆದದ್ದು ಈ ನದಿಯ ಒಣ ತಳದಲ್ಲೇ.

1989ರಲ್ಲಿ ರಿಚರ್ಡ್ ಕ್ಯಾಟ್ಜ್ ಎಂಬ ಶಾಸಕರು ಒಂದು ಹೆಜ್ಜೆ ಮುಂದೆ ಹೋದರು. ಬೇಸಿಗೆಯಲ್ಲಿ ನದಿ ಖಾಲಿ ಬಿದ್ದಿರುತ್ತದಲ್ಲ, ಅದರಲ್ಲಿ ವಾಹನ ಬಿಟ್ಟರೆ ಟ್ರಾಫಿಕ್ ಕಡಿಮೆಯಾಗುತ್ತದೆ ಎಂದರು. ತಮಾಷೆಗೆ ಹೇಳಿದ್ದಲ್ಲ. ಅವರು ಶಾಸನಸಭೆಯ ಸಾರಿಗೆ ಸಮಿತಿಯ ಅಧ್ಯಕ್ಷರು.

2008ರಲ್ಲಿ ಅದೇ ಸೇನಾ ಎಂಜಿನಿಯರುಗಳು ಇನ್ನೊಂದು ಶೋಧ ಮಾಡಿದರು. 51 ಮೈಲಿಯಲ್ಲಿ ಬರೀ ನಾಲ್ಕು ಮೈಲಿಯಷ್ಟು ಮಾತ್ರ ದೋಣಿ ಸಾಗುವ ನೀರಂತೆ. ಕಾನೂನಿನ ಕಣ್ಣಲ್ಲಿ ಉಳಿದದ್ದು ನದಿಯೋ ಅಲ್ಲವೋ ಎಂಬ ಅನುಮಾನ ಹುಟ್ಟಿತು. ನೋಡಿ, ನದಿಗೆ ಸಿಮೆಂಟು ಬಳಿದವರೇ ಇಲ್ಲಿ ನದಿ ಎಲ್ಲಿದೆ ಎಂದು ಕೇಳುತ್ತಾರೆ. ಆ ಬೇಸಿಗೆ ಕೆಲವರು ಕಯಾಕ್ ಹತ್ತಿ, ನೀರಿಲ್ಲದ ಕಡೆ ಎಳೆದುಕೊಂಡು, ನದಿಯುದ್ದಕ್ಕೂ ಸಾಗಿ ತೋರಿಸಿದರು. ಎರಡು ವರ್ಷ ಕಳೆದ ಮೇಲೆ ಕೇಂದ್ರ ಪರಿಸರ ಇಲಾಖೆ ತೀರ್ಪು ಕೊಟ್ಟಿತು: ಹೌದು, ಇದು ನದಿ.

ಅಬ್ಬಾ. ನದಿಗೂ ಒಂದು ಗುರುತಿನ ಚೀಟಿ ಸಿಕ್ಕಿತು.

ಅದರೊಳಗೆ ಹರಿಯುವುದು ಏನು ಎಂದು ಮಾತ್ರ ಯಾರೂ ಕೇಳಬಾರದು. ಮಳೆಯಿಲ್ಲದ ತಿಂಗಳುಗಳಲ್ಲಿ ಬಹುಪಾಲು ನೀರು ಬರುವುದು ಮೇಲಿನ ಕಣಿವೆಯ ಟಿಲ್ಮನ್ ಘಟಕದಿಂದ. ಅದು ಕೊಳಚೆ ನೀರು ಶುದ್ಧೀಕರಿಸುವ ಘಟಕ. ಈಗ ಪಾಲಿಕೆಗೆ ಆ ನೀರೂ ಕುಡಿಯಲಿಕ್ಕೆ ಬೇಕಾಗಿದೆ. ಒಂದು ಇಲಾಖೆ ನದಿಗೆ ಜೀವ ತುಂಬುವ ಯೋಜನೆ ಬರೆಯುತ್ತದೆ. ಇನ್ನೊಂದು ಇಲಾಖೆ ಅದೇ ನದಿಯ ನಲ್ಲಿ ತಿರುಗಿಸುವ ಯೋಜನೆ ಬರೆಯುತ್ತದೆ. ಎರಡಕ್ಕೂ ತೆರಿಗೆ ಕಟ್ಟುವವರು ನಾವೇ.

ಸದರ್ನ್ ಪೆಸಿಫಿಕ್‌ನವರು ಟೇಲರ್ ಯಾರ್ಡಿನ ಕೆಲಸ ನಿಲ್ಲಿಸಿದ್ದು 1985ರಲ್ಲಿ. ಅದೇ ವರ್ಷ ಲೂಯಿಸ್ ಮ್ಯಾಕ್ಆಡಮ್ಸ್ ಎಂಬ ಕವಿ ಕಟಿಂಗ್ ಪ್ಲೇಯರ್ ಹಿಡಿದು ನದಿಯ ತಂತಿ ಬೇಲಿ ಕತ್ತರಿಸಿ ಒಳಗಿಳಿದರು. ಮುಂದೆ ನದಿಯ ಗೆಳೆಯರ ಸಂಘ ಕಟ್ಟಿದರು. 2020ರಲ್ಲಿ ತೀರಿಕೊಂಡರು. ಯಾರ್ಡಿನ 42 ಎಕರೆ ಉದ್ಯಾನವಾದದ್ದನ್ನು ಅವರು ನೋಡಲಿಲ್ಲ. ನಾವೂ ನೋಡಿಲ್ಲ.

ಯಾರ್ಡಿನ ಬೇಲಿಯ ಆಚೆ ಇಣುಕಿದರೆ ಕಾಣುವುದು ಬಿರುಕು ಬಿಟ್ಟ ಕಾಂಕ್ರೀಟು ಹಾಸು, ಬಿರುಕಿನಲ್ಲಿ ಎದ್ದ ಒಣ ಹುಲ್ಲು, ಎಚ್ಚರಿಕೆಯ ಬೋರ್ಡುಗಳು. ಈ ಬದಿಗೆ ತಿರುಗಿದರೆ ನದಿ. ಇಲ್ಲಿ ಅಂತರ್ಜಲ ಮೇಲಕ್ಕೆ ಉಕ್ಕುವುದರಿಂದ ತಳಕ್ಕೆ ಸಿಮೆಂಟು ನಿಲ್ಲಲಿಲ್ಲ. ದಡಕ್ಕಷ್ಟೇ ಬಳಿದು ಕೈಬಿಟ್ಟರು. ಹಾಗಾಗಿ ನಡು ನೀರಲ್ಲಿ ಮರ ಬೆಳೆದಿದೆ, ಮರದಲ್ಲಿ ಬಕ ಕೂತಿದೆ, ಹಿಂದಿನ ಮಳೆಗೆ ತೇಲಿಬಂದ ಪ್ಲಾಸ್ಟಿಕ್ ಚೀಲಗಳು ಕೊಂಬೆಗೆ ತೋರಣ ಕಟ್ಟಿವೆ. ಒಂದು ಸೂಪರ್ ಮಾರ್ಕೆಟ್ ತಳ್ಳುಗಾಡಿ ಮೂತಿ ಕೆಳಗಾಗಿ ಬಿದ್ದಿದೆ. 51 ಮೈಲಿಯಲ್ಲಿ ನದಿ ನದಿಯಂತೆ ಕಾಣುವುದು ಹೆಚ್ಚಾಗಿ ಎಂಜಿನಿಯರುಗಳು ಸೋತ ಕಡೆ. ಇದು ಯಾವ ಯೋಜನಾ ವರದಿಯಲ್ಲೂ ಇಷ್ಟು ನೇರವಾಗಿ ಬರೆದಿರುವುದಿಲ್ಲ.

ವರದಿಗಳಿಗೇನೂ ಕೊರತೆಯಿಲ್ಲ. 2007ರಲ್ಲಿ ನಗರದ ಮಹಾಯೋಜನೆ. 2013ರಲ್ಲಿ ಸೇನಾ ಎಂಜಿನಿಯರುಗಳ ವರದಿ: 11 ಮೈಲಿ ಸುಧಾರಿಸಲು ಹದಿಮೂರನೇ ಆಯ್ಕೆ ಸಾಕು, 45.3 ಕೋಟಿ ಡಾಲರ್. ಆಗಿನ ಮೇಯರ್ ಎರಿಕ್ ಗಾರ್ಸೆಟಿ ವಾಷಿಂಗ್ಟನ್ನಿಗೆ ಓಡಾಡಿ ಇಪ್ಪತ್ತನೇ ಆಯ್ಕೆಗೆ ಒಪ್ಪಿಗೆ ತಂದರು, 108 ಕೋಟಿ ಡಾಲರ್. ಆಯ್ಕೆಯ ನಂಬರು ಏರಿತು, ಮೊತ್ತ ಏರಿತು, ಮೇಯರರ ಕೀರ್ತಿಯೂ ಏರಿತು. ಕಾಂಕ್ರೀಟು ಇಳಿಯಲಿಲ್ಲ. 2015ರಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಗೆರಿಯವರನ್ನು ಕರೆತಂದರು. 2022ರಲ್ಲಿ ಕೌಂಟಿಯವರ ಇನ್ನೊಂದು ಮಹಾಯೋಜನೆ. ನದಿಯ ಕೆಳಭಾಗದಲ್ಲಿ ಕಾಂಕ್ರೀಟನ್ನು ಹಾಗೇ ಬಿಟ್ಟು, ಅದರ ಮೇಲೆ ಇನ್ನೊಂದು ಕಾಂಕ್ರೀಟಿನ ಅಟ್ಟ ಕಟ್ಟಿ, ಅಟ್ಟದ ಮೇಲೆ ಪಾರ್ಕು ಮಾಡುವ ಆಲೋಚನೆ ಅದರಲ್ಲಿ ಬಂತು. ಕವಿ ಕಟ್ಟಿದ ನದಿಯ ಗೆಳೆಯರೇ ಆ ಯೋಜನೆಗೆ ಬೆಂಬಲ ವಾಪಸ್ ಪಡೆದರು.

ಯಾರ್ಡಿನ ಜಗಳ ಇಷ್ಟಕ್ಕೇ ಮುಗಿಯುವುದಿಲ್ಲ. ಚೈನಾಟೌನ್ ಪಕ್ಕದ ಕಾರ್ನ್‌ಫೀಲ್ಡ್ ಯಾರ್ಡಿನ ಕಥೆ ಇನ್ನೂ ಸೊಗಸು.

1876ರಲ್ಲಿ ಮೊದಲ ದೂರದ ರೈಲು ಬಂದು ನಿಂತದ್ದು ಅಲ್ಲಿ. ಆ ರೈಲಿಗಾಗಿ ಸ್ಯಾನ್ ಫರ್ನಾಂಡೊ ಸುರಂಗ ಕೊರೆದವರಲ್ಲಿ ಹೆಚ್ಚಿನವರು ಚೀನೀ ಕೂಲಿಗಳು. 1930ರ ದಶಕದಲ್ಲಿ ಯೂನಿಯನ್ ಸ್ಟೇಷನ್ ಕಟ್ಟಲೆಂದು ಅವರ ಹಳೇ ಚೈನಾಟೌನನ್ನೇ ಕೆಡವಿದರು. ಹೊಸ ಚೈನಾಟೌನಿನ ಪಕ್ಕ ಉಳಿದದ್ದು ಯಾರ್ಡಿನ ಹೊಗೆ. ಆ ಯಾರ್ಡೂ ಪಾಳಾಯಿತು. ಈಗಲಾದರೂ ನಮ್ಮ ಮಕ್ಕಳಿಗೆ ಆಡಲು ಜಾಗ ಸಿಗಬಹುದು ಎಂದು ಚೈನಾಟೌನಿನವರು ಅಂದುಕೊಂಡರು. ಮೆಜೆಸ್ಟಿಕ್ ರಿಯಾಲ್ಟಿ ಎಂಬ ಕಂಪನಿ ಗೋದಾಮು ಕಟ್ಟುತ್ತೇವೆ ಎಂದಿತು. ಆಗಿನ ಮೇಯರ್ ರಿಚರ್ಡ್ ರಿಯೊರ್ಡನ್ ಕಂಪನಿಯ ಬೆನ್ನಿಗೆ ನಿಂತರು. ಪೂರ್ಣ ಪರಿಸರ ವರದಿಯ ಅಗತ್ಯವೇ ಇಲ್ಲ ಅಂದರು. 32 ಎಕರೆ ಲಾರಿ ನಿಲ್ದಾಣಕ್ಕೆ ಪರಿಸರದ ಮಾತೇಕೆ, ಅಲ್ಲವೇ?

ಜನ ಕೋರ್ಟಿಗೆ ಹೋದರು. ವರದಿ ಇಲ್ಲದೆ ಕೇಂದ್ರದ ದುಡ್ಡು ಕೊಡೆ ಎಂದು ಆಗಿನ ವಸತಿ ಮಂತ್ರಿ ಆಂಡ್ರ್ಯೂ ಕುವೊಮೊ ಕೈ ಎತ್ತಿದರು. ಕಂಪನಿ ರಾಜಿಗೆ ಬಂತು. 2001ರಲ್ಲಿ ರಾಜ್ಯ ಸರ್ಕಾರ ಜಾಗ ಕೊಂಡಿತು. ಜನ ಗೆದ್ದರು.

ಗೆದ್ದ ಮೇಲೆ ಉದ್ಯಾನ ಪೂರ್ತಿಯಾಗಿ ತೆರೆದದ್ದು ಯಾವಾಗ? 2017ರಲ್ಲಿ. ಗೆಲುವಿನ ದಿನ ತೊಟ್ಟಿಲಲ್ಲಿದ್ದ ಕೂಸು ಅಷ್ಟರಲ್ಲಿ ಕಾರು ಓಡಿಸುವ ಲೈಸೆನ್ಸ್ ತೆಗೆದುಕೊಂಡಿತ್ತು. ನಡುವೆ 2005ರಲ್ಲಿ ಕಲಾವಿದೆ ಲಾರೆನ್ ಬಾನ್ ಅಲ್ಲಿ ಒಂದು ಬೆಳೆ ಮುಸುಕಿನ ಜೋಳ ಬೆಳೆದರು. ಹೊಸ ಮಣ್ಣು ತರಿಸಿ, 30 ಲಕ್ಷ ಡಾಲರ್ ಖರ್ಚು ಮಾಡಿ. ಕಲಾಕೃತಿಯ ಹೆಸರು 'ಜೋಳದ ಹೊಲವಲ್ಲ'. ನಮ್ಮ ಬಯಲುಸೀಮೆಯ ರೈತ ಕೇಳಿದರೆ ತಲೆ ಮೇಲೆ ಕೈ ಹೊತ್ತಾನು. ದುಡ್ಡು ಖಾಸಗಿ ಪ್ರತಿಷ್ಠಾನದ್ದು, ನಮಗೇನು. ಅಷ್ಟು ವರ್ಷದಲ್ಲಿ ಆ ನೆಲದ ಮೇಲೆ ವೇಳೆಗೆ ಸರಿಯಾಗಿ ಮುಗಿದ ಕೆಲಸ ಅದೊಂದೇ ಎಂಬುದೂ ಸತ್ಯ. ಜೋಳಕ್ಕೆ ಸಮಿತಿ ಇರುವುದಿಲ್ಲ.

ಉದ್ಯಾನ ತೆರೆದ ಮರುವರ್ಷವೇ ಫ್ರಾಂಕ್ ಮೆಕ್‌ಕೋರ್ಟ್ ಬಂದರು. ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಹಳೇ ಮಾಲೀಕರು. ತಂಡವನ್ನು 2012ರಲ್ಲೇ ಮಾರಿದ್ದಾರೆ. ಕ್ರೀಡಾಂಗಣದ ಪಾರ್ಕಿಂಗ್ ಜಾಗದಲ್ಲಿ ಪಾಲು ಇಟ್ಟುಕೊಂಡಿದ್ದಾರೆ. ಯೂನಿಯನ್ ಸ್ಟೇಷನ್ನಿನಿಂದ ಕ್ರೀಡಾಂಗಣಕ್ಕೆ ತಂತಿಯ ಮೇಲೆ ಸಾಗುವ ತೂಗುತೊಟ್ಟಿಲು ಹಾಕಿ ಕಾರುಗಳ ಹೊಗೆ ತಗ್ಗಿಸುವುದು ಅವರ ಕನಸು. ತೊಟ್ಟಿಲು ಹಾಯುವುದು ಈ ಉದ್ಯಾನದ ತಲೆಯ ಮೇಲೆ. ಕೆಳಗೆ ಲಾರಿ ಬೇಡ ಎಂದು ಹೊಡೆದಾಡಿದವರು ಈಗ ಮೇಲೆ ನೋಡಬೇಕು. ಬಡವರ ಉಸಿರಾಟದ ಮೇಲಿನ ಕಾಳಜಿ ಪಾರ್ಕಿಂಗ್ ಜಾಗ ಇರುವವರಿಗೇ ಯಾಕೆ ಬರುತ್ತದೋ! 2024ರಲ್ಲಿ ಮೆಟ್ರೊ ಮಂಡಳಿ ಪರಿಸರ ವರದಿಗೆ ಸೈ ಅಂದಿತು. 2025ರಲ್ಲಿ ಮೇಲ್ಮನವಿ ನ್ಯಾಯಾಲಯ ವರದಿಯಲ್ಲೇ ಲೋಪ ಕಂಡಿತು. ವಕೀಲರಿಗಂತೂ ಬರಗಾಲವಿಲ್ಲ.

ಬಾಡಿಗೆಯ ಮಾತೂ ಆಡಿಬಿಡೋಣ. ಅದೇ ಚೈನಾಟೌನಿನಲ್ಲಿ ಉದ್ಯಾನಕ್ಕೆ ನಡೆದು ಹೋಗುವಷ್ಟು ದೂರದಲ್ಲಿ 725 ಫ್ಲ್ಯಾಟುಗಳಿಗೆ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಕಡಿಮೆ ಆದಾಯದವರಿಗೆಂದು ಮೀಸಲಿಟ್ಟದ್ದು ಎಷ್ಟು? ಒಂದೂ ಇಲ್ಲ. ಹಸಿರಿಗಾಗಿ ಬೀದಿಗಿಳಿದವರು ಬಾಡಿಗೆದಾರರು. ಹಸಿರಿನ ಬೆಲೆ ಎಣಿಸಿಕೊಳ್ಳುವವರು ಕಟ್ಟಡದ ಮಾಲೀಕರು.

ಮನೆ ಕಟ್ಟಿ ಅಂದರೆ ಇನ್ನೊಂದು ಗುಂಪು ಎದ್ದು ನಿಲ್ಲುತ್ತದೆ. ಗುಡ್ಡದ ಮೇಲೆ ಸ್ವಂತ ಮನೆ ಇರುವವರು. ಮನೆ ಬೇಕು, ಖಂಡಿತ ಬೇಕು, ಇಲ್ಲಿ ಬೇಡ ಅನ್ನುತ್ತಾರೆ. ಎಲ್ಲಿ ಬೇಕು ಎಂದು ಹೇಳುವುದಿಲ್ಲ. ಕೈಯಲ್ಲಿ ಪರಿಸರ ವರದಿ ಕೇಳುವ 1970ರ ರಾಜ್ಯ ಕಾನೂನು. ಗೋದಾಮು ತಡೆದು ಯಾರ್ಡು ಉಳಿಸಿದ್ದು ಅದೇ ಕಾನೂನು. ಬಸ್ ದಾರಿ, ಸೈಕಲ್ ದಾರಿ, ಬಡವರ ವಸತಿ ತಡೆಯಲೂ ಜನ ಎತ್ತಿದ್ದು ಅದನ್ನೇ. ಕೊನೆಗೆ 2025ರ ಜೂನ್‌ನಲ್ಲಿ ಗವರ್ನರ್ ನ್ಯೂಸಮ್ ಸಹಿ ಹಾಕಿ, ಊರೊಳಗಿನ ವಸತಿ ಕಟ್ಟಡಗಳಲ್ಲಿ ಬಹುಪಾಲನ್ನು ಆ ಕಾನೂನಿನಿಂದ ಹೊರಗಿಟ್ಟರು. ಪರಿಸರದ ಹೆಸರು ಹೇಳಿ ತಮ್ಮ ಮನೆಯ ಬೆಲೆ ಕಾದವರು ಪರಿಸರದ ಕಾನೂನಿಗೇ ಕತ್ತರಿ ಬೀಳುವಂತೆ ಮಾಡಿಕೊಂಡರು.

ಇಷ್ಟೆಲ್ಲದಕ್ಕೂ ಸಾರ್ವಜನಿಕ ಸಭೆ ಉಂಟು. ನೀವೂ ನೋಡಿರುತ್ತೀರಿ. ಗೋಡೆಗೆ ದೊಡ್ಡ ಬಣ್ಣದ ಚಿತ್ರಗಳು. ಚಿತ್ರದಲ್ಲಿ ಎಲ್ಲರೂ ತೆಳ್ಳಗಿದ್ದಾರೆ, ಎಲ್ಲರೂ ನಗುತ್ತಿದ್ದಾರೆ, ಯಾರೂ ಟೆಂಟಿನಲ್ಲಿ ಮಲಗಿಲ್ಲ. ನಿಮ್ಮ ಕೈಗೆ ನಾಲ್ಕು ಅಂಟು ಚುಕ್ಕಿ ಕೊಡುತ್ತಾರೆ. ಹಕ್ಕಿಗೆ ಒಂದು, ಸೈಕಲ್ಲಿಗೆ ಒಂದು, ಚೆಂಡಾಟಕ್ಕೆ ಒಂದು, 'ಸಮುದಾಯದ ಅಸ್ಮಿತೆ'ಗೆ ಒಂದು. ಇಂಥ ಒಂದು ಸಭೆಯಲ್ಲಿ ಅಜ್ಜಿಯೊಬ್ಬರು ಎದ್ದು ಕೇಳಿದರು: 'ಇದು ಮುಗಿಯುವಾಗ ನಾನು ಇದೇ ಬೀದಿಯಲ್ಲಿ ಬಾಡಿಗೆಗೆ ಇರುತ್ತೇನಾ?' ನಡೆಸುತ್ತಿದ್ದ ಯುವಕ ಬಹಳ ಸಂತೋಷಪಟ್ಟ. 'ತುಂಬಾ ಒಳ್ಳೆ ಪ್ರಶ್ನೆ ಅಮ್ಮಾ, ಹಸಿರು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ.' ಅಜ್ಜಿ ಹಾಕಿದರು. ಡಬ್ಬಿ ಇನ್ನೂ ಉತ್ತರ ಕೊಟ್ಟಿಲ್ಲ.

ಏನೂ ಆಗೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಟೇಲರ್ ಯಾರ್ಡಿನದೇ ಇನ್ನೊಂದು ತುಂಡು, 40 ಎಕರೆ, 2007ರಲ್ಲಿ ಉದ್ಯಾನವಾಗಿ ತೆರೆಯಿತು. ಚೆಂಡಾಡುವವರೂ ಹಕ್ಕಿ ನೋಡುವವರೂ ವರ್ಷಗಟ್ಟಲೆ ಕಾದಾಡಿ, ಕೊನೆಗೆ ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ಪಾಲು ಮಾಡಿಕೊಂಡರು. ಒಂದು ಕಡೆ ಮೈದಾನ, ಒಂದು ಕಡೆ ಕಾಡು ಗಿಡ. ಹಕ್ಕಿಗಳಿಗೆ ಚೆಂಡಿನಿಂದ ತೊಂದರೆಯಾದಂತೆ ಕಾಣುವುದಿಲ್ಲ. ಸಂಜೆ ಹೋದರೆ ಕಾಲಿಡಲು ಜಾಗವಿರುವುದಿಲ್ಲ, ಅಷ್ಟು ಮಕ್ಕಳು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ. ಮನಸ್ಸು ಮಾಡದಿರುವುದರಲ್ಲಿ ಎಲ್ಲರಿಗೂ ಒಂದಿಷ್ಟು ಗಿಟ್ಟುತ್ತದೆ: ಸಲಹೆಗಾರನಿಗೆ ಮುಂದಿನ ವರದಿ, ರಾಜಕಾರಣಿಗೆ ಮುಂದಿನ ಫೋಟೊ, ಸಂಘಕ್ಕೆ ಮುಂದಿನ ಅನುದಾನ, ಜಾಗದ ವ್ಯಾಪಾರಿಗೆ ಮುಂದಿನ ವರ್ಷದ ರೇಟು. ಪಾಳು ಯಾರ್ಡು ಇಷ್ಟು ಜನರಿಗೆ ಅನ್ನ ಹಾಕುತ್ತಿರುವಾಗ ಅದನ್ನು ಉದ್ಯಾನ ಮಾಡುವ ತರಾತುರಿ ಯಾರಿಗಿದೆ?

2028ಕ್ಕೆ ಇಲ್ಲಿ ಒಲಿಂಪಿಕ್ಸ್. ಅದರ ಹೆಸರಲ್ಲಿ ಇನ್ನೊಂದಷ್ಟು ಸಭೆಗಳು ಖಂಡಿತ. ಈ ಊರಿನಲ್ಲಿರುವ ಕನ್ನಡಿಗರಲ್ಲಿ ವಿನಂತಿ: ಕರೆ ಬಂದರೆ ತಪ್ಪಿಸಬೇಡಿ. ಕಾಫಿ ಕುಡಿಯಿರಿ, ಅಂಟು ಚುಕ್ಕಿ ಮಕ್ಕಳ ಪುಸ್ತಕಕ್ಕೆ ಇಟ್ಟುಕೊಳ್ಳಿ. ನಿಮ್ಮ ಕನಸಿನ ನದಿ ಹೇಗಿರಬೇಕು ಎಂದು ಕೇಳಿದರೆ ಉತ್ತರಿಸಬೇಡಿ. ಆ 42 ಎಕರೆಯ ಸೀಸದ ಮಣ್ಣು ತೆಗೆಯುವ ಲಾರಿ ಯಾವ ತಾರೀಖು ಬರುತ್ತದೆ, ಅದರ ಬಿಲ್ಲು ಯಾರ ಹೆಸರಿಗೆ ಹೋಗುತ್ತದೆ ಎಂದು ಕೇಳಿ. ಬಾಯಿಮಾತು ಬೇಡ, ಸಹಿ ಹಾಕಿಸಿಕೊಂಡು ಬನ್ನಿ.