ಹಳಿ ಏರಿದ ಸಿನಿಮಾ

(ಬೆಂಗಳೂರಿನ ಹೊರಗೊಂದು ಮನೋರಂಜನಾ ಪಾರ್ಕು. ಮಾಲೀಕರು, ಅವರ ಅಳಿಯ, ಸಂಬಳ ಬಾಕಿಯಿರುವ ಎಂಜಿನಿಯರ್.)

ಮಾಲೀಕರು: ಹೊಸ ರೋಲರ್ ಕೋಸ್ಟರಿಗೆ ಯಾವ ಸಿನಿಮಾ ಅಂಟಿಸೋಣ?

ಅಳಿಯ: ‘ಕೆಜಿಎಫ್’, ಮಾವ! ಕತ್ತಲು, ಧೂಳು, ಸುತ್ತಿಗೆ ಸದ್ದು.

ಎಂಜಿನಿಯರ್: ಕೋಲಾರದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ ಸಾರ್. ನಮಗೆ ಬೋರ್‌ವೆಲ್ಲಿಗೇ ಅನುಮತಿ ಸಿಕ್ಕಿಲ್ಲ.

ಮಾಲೀಕರು: ‘ಮುಂಗಾರು ಮಳೆ’? ಜೋಗ ಇಳಿಸಿಬಿಡಿ.

ಅಳಿಯ: ನೀರು?

ಮಾಲೀಕರು: ಬೇಸಿಗೇಲಿ ಜೋಗದಲ್ಲೂ ಕಾಣೋದು ಬಂಡೇನೇ, ಅಳಿಯಂದಿರೇ. ಬಂಡೆಗೆ ಬಣ್ಣ ಹೊಡೆಸಿ.

ಎಂಜಿನಿಯರ್: ಬಣ್ಣ ಇರಲಿ ಸಾರ್, ಕೋಸ್ಟರ್ ಓಡೋ ರೀತಿಗೂ ಸಿನಿಮಾ ಹೊಂದಬೇಕು. ಚೈನು ಗಾಡೀನ ಮೇಲಕ್ಕೆಳೆಯೋದು ಒಂದೇ ಸಲ. ಆಮೇಲೆ ಎಂಜಿನ್ನಿಲ್ಲ. ಘರ್ಷಣೆಗೆ, ಗಾಳಿಗೆ ಶಕ್ತಿ ಸೋರುತ್ತೆ. ಅದಕ್ಕೇ ಮುಂದಿನ ಏರೆಲ್ಲ ಮೊದಲನೆಯದಕ್ಕಿಂತ ಕುಳ್ಳು.

ಮಾಲೀಕರು: ಶುಕ್ರವಾರ ಕಟೌಟಿಗೆ ಹಾಲು, ಸೋಮವಾರ ಖಾಲಿ ಕುರ್ಚಿ! ಯಾವ ಸಿನಿಮಾನಾದರೂ ಹೊಂದುತ್ತಲ್ಲಯ್ಯ!

ಅಳಿಯ: ಹಾಗಾದರೆ ‘ಬಂಗಾರದ ಮನುಷ್ಯ’?

ಎಂಜಿನಿಯರ್: 1972ರದು. ಬೇಸಾಯದ ಕಥೆ. ಗಾಡಿ ತಲೆಕೆಳಗಾಗೋ ಲೂಪಿಗೆ ಅದರಲ್ಲೆಲ್ಲಿ ಜಾಗ? ಕೊನೆಗೆ ನಾಯಕ ಎಲ್ಲಾ ಬಿಟ್ಟು ಹೊರಟೇ ಹೋಗ್ತಾನೆ.

ಅಳಿಯ: ಟಿಕೆಟ್ ದರ ಓದಿದವರೂ ಹಾಗೇ ಹೋಗ್ತಾರೆ, ಮಾವ.

ಮಾಲೀಕರು: ಹೋಗೋ ದಾರೀಲಿ ಪಾಪ್‌ಕಾರ್ನ್ ಅಂಗಡಿ ಇಡಿಸಿ. ಪೊಟ್ಟಣಕ್ಕೆ 300.